ಆನೆಲಾಯದ ಜೈಲಿನಲ್ಲಿ ಒಂದು ಎಡೆ

"ಮುಟ್ಬ್ಯಾಡ ಕಣವ್ವ! ಬ್ಯಾರೆಯೋರ ಎಡೆ ಅದು."

ದೊಡ್ಡವ್ವ ನನ್ನ ಕೈ ಮೇಲೆ ಪಟ್ಟನೆ ಒಂದೇಟು ಕೊಟ್ಟಳು. ಮಂಕರಿ ಎತ್ತಿದವಳು ಮಾತ್ರ ಅವಳೇ.

ಕೋಣೆಯ ಹಿಂಗೋಡೆಯಲ್ಲಿ ಆಳವಾದ ಒಂದು ಗೂಡಿತ್ತು. ಅದರ ಬಾಯಿಗೆ ಯಾರೋ ಬಿದಿರಿನ ಮಂಕರಿ ಅಡ್ಡ ಇಟ್ಟಿದ್ದರು. ಗುಡಿಸಿದ ಕಸ ಮುಚ್ಚಿದ್ದಾರೆ ಅಂತ ನಾನು ಅಂದುಕೊಂಡಿದ್ದೆ. ಕಸವಲ್ಲ. ಬಾಡಿದ ಬಾಳೆ ಎಲೆ, ಅದರ ಮೇಲೆ ಬಿರುಕು ಬಿಟ್ಟ ಮುದ್ದೆ, ಎರಡು ವಡೆ, ಒಂದು ಜೊತೆ ಕಜ್ಜಾಯ. ಪಕ್ಕದಲ್ಲಿ ಮಡಿಕೆ ಬಿಚ್ಚದ ಹೊಸ ಟವೆಲ್ಲು, ಅದರ ಮೇಲೊಂದು ಪುಟ್ಟ ನಸ್ಯದ ಡಬ್ಬಿ. ಉದುರಿದ ಊದುಬತ್ತಿ ಬೂದಿಯ ಸುತ್ತ ಇರುವೆ ಸಾಲು.

ಮಾಲಯ ಅಮಾವಾಸ್ಯೆ ಮೊನ್ನೆ ತಾನೇ ಕಳೆದಿತ್ತು. ನಮ್ಮ ಕಡೆ ಅವತ್ತು ಸತ್ತ ಹಿರಿಯರಿಗೆ ಅವರವರ ಇಷ್ಟದ್ದೆಲ್ಲ ಬಡಿಸಿ ಎಡೆ ಇಡದ ಮನೆಯಿಲ್ಲ. ಆದರೆ ಮನೆಯಲ್ಲಿ ಇಡುತ್ತಾರೆ. ಟಿಕೆಟ್ಟು ಕೊಟ್ಟು ನೋಡುವ ಹಳೇ ಜೈಲಿನ ಕೋಣೆಯಲ್ಲಿ ಯಾರು ಇಡುತ್ತಾರೆ?

ಅದೂ ಈ ಕೋಣೆಯಲ್ಲಿ! ನನ್ನ ಅಪ್ಪನ ಅಣ್ಣ ಶಿವಯ್ಯ, ಅಂದರೆ ಈ ದೊಡ್ಡವ್ವನ ಗಂಡ, ಮೂವತ್ತು ವರ್ಷಕ್ಕೂ ಹಿಂದೆ ಒಂದು ರಾತ್ರಿ ಗೋಡೆ ಹಾರಿ ಓಡಿಹೋದದ್ದು ಇಲ್ಲಿಂದಲೇ. ಆವತ್ತು ಜೈಲಿನವರು ಹಾಗೆ ಹೇಳಿದರು. ಈಗ ಬಾಗಿಲ ಪಕ್ಕ ಅದಕ್ಕೊಂದು ಬೋರ್ಡೂ ಬಂದಿದೆ, 'ಕೈದಿ ತಪ್ಪಿಸಿಕೊಂಡ ಕೋಣೆ' ಅಂತ.

ಹೊರಗಡೆ ಭಾರತೀನಗರದ ಕಾಲೇಜಿನ ಹುಡುಗಿಯರು ಕಂಬಿ ಹಿಡಿದುಕೊಂಡು ಫೋಟೊ ತೆಗೆಸಿಕೊಳ್ಳುತ್ತಿದ್ದರು. ಅವರ ನಗು ಇಲ್ಲಿಯವರೆಗೂ ಕೇಳಿಸುತ್ತಿತ್ತು. ನನಗೆ ಯಾಕೋ ಸಿಟ್ಟು ಬಂತು. ಪಾಪ, ಅವರದೇನು ತಪ್ಪು?

ನಾನು ನಾಗಶ್ರೀ. ಇಲ್ಲಿಂದ ದೂರದ ಊರಲ್ಲಿ ಸಬ್ ಇನ್ಸ್‌ಪೆಕ್ಟರ್. ಹಬ್ಬಕ್ಕೆ ರಜೆ ಸಿಕ್ಕಿದ್ದೇ ಹೆಚ್ಚು. ಬಂದವಳು ಚಿಕ್ಕರಸಿನಕೆರೆಯ ಮನೆಯಲ್ಲಿ ಕೂತು ವಡೆ ತಿನ್ನುವುದು ಬಿಟ್ಟು, ದೊಡ್ಡವ್ವನನ್ನು ಎರಡು ದಿನ ಮಂಡ್ಯ ತೋರಿಸಿಕೊಂಡು ಬರುತ್ತೇನೆ ಅಂತ ಹೊರಡಿಸಿದ್ದೆ. ಲಾಡ್ಜಿನ ಮೆತ್ತನೆ ಹಾಸಿಗೆ, ಮಸಾಲೆ ದೋಸೆ, ಒಂದು ಸಿನಿಮಾ. ಸಿನಿಮಾದಲ್ಲಿ ಅರ್ಧ ಹೊತ್ತು ನಿದ್ದೆ ಮಾಡಿದಳು. ಎದ್ದವಳು, "ಆನೆಲಾಯದ ಜೈಲ್ಗೆ ಕರ್ಕೊಂಡು ಓಗು. ಕಣ್ಣು ಪೂರಾ ಮಂಜಾಗಕ್ ಮುಂಚೆ ಒಂದ್ ಸಲ ನೋಡ್ಬುಡ್ತೀನಿ" ಅಂದಳು.

ಅವಳ ಎರಡೂ ಕಣ್ಣಿಗೆ ಪೊರೆ ಬಂದಿದೆ. ಆಪರೇಷನ್ ಅಂದರೆ ಹೆದರುತ್ತಾಳೆ.

ಬೆಳಿಗ್ಗೆ ಮಳವಳ್ಳಿ ಬಸ್ಸು ಹತ್ತಿದಾಗಿನಿಂದ ಅವಳ ಬಾಯಿ ನಿಂತಿರಲಿಲ್ಲ. ಹೆದರಿದಾಗ ದೊಡ್ಡವ್ವ ಹಾಗೇ, ಹಾಳುಮೂಳೆಲ್ಲ ಮಾತಾಡುತ್ತಾಳೆ. "ನಿಮ್ಮಪ್ಪ ವರ್ಸ ವರ್ಸ ಇರಿಯರ ಪಾಲ್ಗೆ ಕಜ್ಜಾಯ ಒಂದ್ ಜೊತೆ ಜಾಸ್ತಿ ಒತ್ತು ಅತ್ಗೆ ಅಂತಾನಲ್ಲ, ಸತ್ತೋರ್ಗೂ ವಯಸ್ಸಾದಂಗೆಲ್ಲ ಒಟ್ಟೆ ಎಚ್ಚಾಯ್ತದಾ?" ಅಂತ ನಕ್ಕಿದ್ದಳು. ನಾನೂ ನಕ್ಕಿದ್ದೆ.

ಮಳವಳ್ಳಿಯಲ್ಲಿ ಇಳಿದ ಮೇಲೆ ಒಂದು ಮಾತಿಲ್ಲ.

ರಾಜರ ಕಾಲದಲ್ಲಿ ಆನೆ ಕಟ್ಟುತ್ತಿದ್ದ ಲಾಯ ಇದು. ಆಮೇಲೆ ಗೋಡೆ ಎಬ್ಬಿಸಿ, ಕಂಬಿ ಹಾಕಿ ಬಂದೀಖಾನೆ ಮಾಡಿದರು. ನೆಲಕ್ಕೆಲ್ಲ ದಪ್ಪ ಚಪ್ಪಡಿ. ಆನೆಗಳು ನಿಂತು ನಿಂತು ಕಲ್ಲು ತಟ್ಟೆಯ ಹಾಗೆ ತಗ್ಗಾಗಿದೆ. ಗೂಡಿನ ಮುಂದಿನ ಒಂದು ಚಪ್ಪಡಿ ಮಾತ್ರ ಸಮವಾಗಿತ್ತು. ರಿಪೇರಿ ಮಾಡಿದವರು ಹೊಸದು ಕೂರಿಸಿರಬೇಕು ಅಂದುಕೊಂಡೆ. ದೊಡ್ಡವ್ವ ಅದರ ಮೇಲೆ ನಿಂತುಕೊಂಡು ಗೂಡಿನೊಳಕ್ಕೆ ಬಗ್ಗಿ ನೋಡುತ್ತಿದ್ದಳು.

"ನಸ್ಯ ಐತಲ್ವಾ?" ಅಂದಳು.

"ಐತೆ."

"ಅವ್ರೂ ನಸ್ಯ ಏರುಸ್ತಿದ್ರು."

ದೊಡ್ಡವ್ವ ಗಂಡನ ಹೆಸರು ಹೇಳಿದ್ದನ್ನು ನಾನು ಹುಟ್ಟಿದಾಗಿನಿಂದ ಕೇಳಿಲ್ಲ. ಶಿವಯ್ಯ ಅಂದರೆ ಅವಳ ಬಾಯಲ್ಲಿ ಬರೀ 'ಅವ್ರು'. ಕಬ್ಬು ಕಡಿಯುವವರ ಕೂಲಿ ಜಗಳದಲ್ಲಿ ಮುಂದೆ ನಿಂತು ಕೂಗಿದ್ದಕ್ಕೆ ಪೊಲೀಸರು ಅವನನ್ನು ಎಳೆದುಕೊಂಡು ಹೋದಾಗ ಇವರ ಮದುವೆಯಾಗಿ ಇನ್ನೂ ಬಳೆಯ ಬಣ್ಣ ಮಾಸಿರಲಿಲ್ಲ. ಆಮೇಲಿನದೆಲ್ಲ ಊರಿಗೇ ಗೊತ್ತು. ಓಡಿಹೋದವನ ಹೆಂಡತಿ ಅನ್ನುವ ಹೆಸರು ಬಂತು. ಮದುವೆ ಮನೆಯಲ್ಲಿ ಸೋಬಾನೆ ಹೇಳುವಾಗ ಇವಳನ್ನು ಕರೆಯಬೇಕೋ ಬೇಡವೋ ಅಂತ ಹೆಂಗಸರು ಮುಖ ಮುಖ ನೋಡಿಕೊಳ್ಳುತ್ತಿದ್ದರು. ಹಣೆಯ ಕುಂಕುಮ ಅಳಿಸಲಿಲ್ಲ, ಬಳೆ ತೆಗೆಯಲಿಲ್ಲ. ಪ್ರತಿ ಮಾಲಯಕ್ಕೂ ಅತ್ತೆಗೆ, ಮಾವನಿಗೆ ಎಡೆ ಬಡಿಸಿ ಗಂಡನ ಜಾಗಕ್ಕೆ ಬಂದಾಗ ಸುಮ್ಮನೆ ಕೂರುತ್ತಿದ್ದಳು. ಬದುಕಿರುವವನಿಗೆ ಎಡೆ ಇಟ್ಟರೆ ಅವನನ್ನು ತಾನೇ ಸಾಯಿಸಿದ ಹಾಗೆ ಅಂತ ಅವಳ ಭಯ.

ನಿನ್ನೆ ಲಾಡ್ಜಿನಲ್ಲಿ ತಲೆ ಬಾಚಿಕೊಳ್ಳುತ್ತ ಹೇಳಿದ್ದಳು. "ಸತ್ತವ್ರೋ, ಬದುಕವ್ರೋ, ಅಷ್ಟು ಗೊತ್ತಾಗ್ಬುಟ್ರೆ ಸಾಕು ಕಣವ್ವ. ಸತ್ತಿದ್ರೆ ಒಂದ್ ಎಡೆ ಇಕ್ತೀನಿ. ಬದುಕಿದ್ರೆ ಓಗಿ ಚೆನ್ನಾಗಿ ಬಯ್ದು ಬತ್ತೀನಿ. ಎರಡ್ರಲ್ಲಿ ಒಂದಾಗ್ಲಿ."

ನನ್ನ ತಲೆಯಲ್ಲಿ ಈಗ ಅದೇ ಓಡುತ್ತಿತ್ತು. ಹೆಂಡತಿಗೇ ಗೊತ್ತಿಲ್ಲದ ಸಾವು ಬೇರೆ ಯಾರಿಗೋ ಗೊತ್ತಿದೆ. ಗೊತ್ತಿದ್ದವನು ಬಾಯಿ ಮುಚ್ಚಿಕೊಂಡು ಇರಬಹುದಿತ್ತು. ಆದರೆ ನಮ್ಮವರು ಏನನ್ನಾದರೂ ಮುಚ್ಚಿಡುತ್ತಾರೆ, ಸತ್ತವರನ್ನು ಹಸಿದುಕೊಂಡು ಇರಲು ಮಾತ್ರ ಬಿಡುವುದಿಲ್ಲ. ಅಲ್ಲಿ ತಪ್ಪು ಮಾಡಿದ್ದ.

ಯಾರು?

ಆ ರಾತ್ರಿ ಜೈಲು ಕಾಯುತ್ತಿದ್ದವರು ಇಬ್ಬರು ವಾರ್ಡರುಗಳು. ಕೆಂಪಸಿದ್ದಯ್ಯ ತೀರಿಕೊಂಡು ಬಹಳ ಕಾಲವಾಯಿತು. ಇನ್ನೊಬ್ಬ, ಮರಿಸಿದ್ದಯ್ಯ, ಬದುಕಿದ್ದ. ಬದುಕಿದ್ದ ಏನು, ಬೆಳಿಗ್ಗೆ ನಮಗೆ ಟಿಕೆಟ್ಟು ಹರಿದುಕೊಟ್ಟವನೇ ಅವನು. ಪೆನ್ಷನ್ ಆದ ಮೇಲೂ ಈ ಜಾಗ ಬಿಡದೆ ನೋಡಲು ಬಂದವರಿಗೆ ಕತೆ ಹೇಳಿಕೊಂಡು ಇದ್ದಾನೆ.

"ಯಜಮಾನ್ರೇ! ಸ್ವಲ್ಪ ಇಲ್ಲಿ ಬನ್ನಿ!" ಅಂತ ಕೂಗಿದೆ.

ಮರಿಸಿದ್ದಯ್ಯ ಬೀಗದ ಕೈ ಗೊಂಚಲು ಅಲ್ಲಾಡಿಸಿಕೊಂಡು ಬಂದ. ಎಪ್ಪತ್ತು ದಾಟಿದ ಮನುಷ್ಯ, ಬೆನ್ನು ಇನ್ನೂ ನೆಟ್ಟಗಿತ್ತು. ಬಾಗಿಲಲ್ಲಿ ನಿಂತವನ ಕಣ್ಣು ಮೊದಲು ಹೋದದ್ದು ದೊಡ್ಡವ್ವನ ಕೈಲಿದ್ದ ಮಂಕರಿಯ ಮೇಲೆ.

"ಅಯ್ಯೋ, ಅದನ್ನ್ಯಾಕೆ ತಗುದ್ರಿ? ಈ ಕೋಣೆಗೆ ಬ್ಯಾರೆ ಅಗುಳಿ ಆಕಿದ್ದೆ."

"ಅಗುಳಿ ಹಾಕಿದ್ರಿ, ಬೀಗ ಹಾಕಿರ್ಲಿಲ್ಲ. ಈ ಎಡೆ ಯಾರದು?"

"ಯಾರದೋ. ಇಂದೆ ರಾಜರ ಕಾಲ್ದಲ್ಲಿ ಇಲ್ಲಿ ನೇಣಾದೋರು ಇದ್ರಲ್ಲ, ಅವರ್ಗೆ ಅಂತ ಬಡವ್ರು ಯಾರೋ ಇಕ್ತಾರೆ."

"ರಾಜರ ಕಾಲದೋರು ಡಬ್ಬಿ ನಸ್ಯ ಏರಿಸ್ತಿದ್ರಾ?"

ಅವನು ಬೀಗದ ಕೈ ಗೊಂಚಲನ್ನು ಈ ಕೈಯಿಂದ ಆ ಕೈಗೆ ಬದಲಾಯಿಸಿದ.

"ಉಳಿದ ಕೋಣೇಲೆಲ್ಲ ನೋಡ್ದೆ. ಎಲ್ಲೂ ಇಲ್ಲ. ಇದೊಂದರಲ್ಲೇ ಯಾಕೆ?"

"ನಂಗೇನ್ ಗೊತ್ತು ಮೇಡಮ್ಮೋರೆ."

"ಬೆಳಿಗ್ಗೆ ಆ ಕಾಲೇಜು ಹುಡುಗೀರ್ಗೆ ಕತೆ ಹೇಳ್ತಿದ್ರಲ್ಲ? ಕಂಬಳಿ ಹರಿದು ಹಗ್ಗ ಮಾಡ್ಕೊಂಡ, ಆ ಗೋಡೆ ಹತ್ತಿ ಹಾರ್ದ, ಕತ್ತಲಲ್ಲಿ ಮಾಯವಾದ ಅಂತ. ಕೈ ಬಾಯಿ ಎಲ್ಲ ತಿರುಗಿಸಿ ಹೇಳಿದ್ರಿ. ಓಡಿಹೋದೋನಿಗೆ ಯಾರಾದ್ರೂ ಎಡೆ ಇಡ್ತಾರಾ ಯಜಮಾನ್ರೇ? ಓಡಿಹೋದೋನು ಎಲ್ಲೋ ಒಂದ್ಕಡೆ ಉಣ್ತಾ ಇರ್ತಾನೆ."

"ನೋಡವ್ವ, ನಾನು ವಯಸ್ಸಾದೋನು. ಸುಮ್ಕೆ ಇಲ್ದಿದ್ದೆಲ್ಲ..."

"ಈಯಮ್ಮ ಯಾರು ಗೊತ್ತಾ ನಿಮ್ಗೆ?"

ಮರಿಸಿದ್ದಯ್ಯ ದೊಡ್ಡವ್ವನ ಕಡೆ ತಿರುಗಿದ. ಅವಳು ಗೂಡಿನ ಮುಂದಿನಿಂದ ಕದಲಿರಲಿಲ್ಲ. ಮಂಕರಿಯನ್ನು ಎದೆಗೆ ಒತ್ತಿಕೊಂಡು ನಿಂತಿದ್ದಳು.

"ಚಿಕ್ಕರಸಿನಕೆರೆ ದೇವಿರಮ್ಮ," ಅಂದೆ. "ನಿಮ್ಮ ಕತೇಲಿ ಗೋಡೆ ಹಾರ್ತಾನಲ್ಲ, ಅವನ ಹೆಂಡ್ತಿ."

ಬೀಗದ ಕೈ ಗೊಂಚಲು ಕೆಳಕ್ಕೆ ಬಿತ್ತು. ಅದನ್ನು ಎತ್ತಿಕೊಳ್ಳಲು ಬಗ್ಗಿದವನು ಮೇಲೇಳದೆ ಅಲ್ಲೇ ಕುಕ್ಕರಗಾಲಲ್ಲಿ ಕೂತುಬಿಟ್ಟ. ಎರಡು ಕೈಯಲ್ಲೂ ಮುಖ ಉಜ್ಜಿಕೊಂಡ.

ನಾನು ಇನ್ನೇನೋ ಕೇಳಲು ಬಾಯಿ ತೆರೆದಿದ್ದೆ. ದೊಡ್ಡವ್ವ ಕೈ ಎತ್ತಿ ನನ್ನನ್ನು ತಡೆದಳು.

"ಸತ್ತವ್ರಾ ಕಣಪ್ಪ?"

ಅಷ್ಟೇ ಕೇಳಿದ್ದು. ಸಂತೆಯಲ್ಲಿ ಸೊಪ್ಪಿನ ಬೆಲೆ ಕೇಳುವಷ್ಟು ಮೆತ್ತಗೆ ಕೇಳಿದಳು.

"ಊ ಕಣಕ್ಕ."

"ಅದೇ ರಾತ್ರೀನಾ?"

"ಅದೇ ರಾತ್ರಿ."

"ಉಂಡಿದ್ರಾ?"

ಮರಿಸಿದ್ದಯ್ಯ ತಲೆ ಎತ್ತಿ ಅವಳನ್ನು ನೋಡಿದ. ಕಣ್ಣು ತುಂಬಿದ್ದವು. "ಉಂಡಿದ್ದ ಕಣಕ್ಕ. ಮುದ್ದೆ, ಉಪ್ಸಾರು. ಇನ್ನೊಂದ್ ಚೂರು ಖಾರ ಕೊಡಣ್ಣ ಅಂತ ಇಸ್ಕಂಡು ಉಂಡ."

ದೊಡ್ಡವ್ವ ತಲೆಯಾಡಿಸಿದಳು. "ಖಾರ ಬೇಕು ಅವರ್ಗೆ," ಅಂದಳು. ಅಳಲಿಲ್ಲ. ಅವಳು ಅತ್ತಿದ್ದರೆ ನನಗೆ ಎಷ್ಟೋ ವಾಸಿ ಇತ್ತು. ನನಗೆ ಬಂದ ಸಿಟ್ಟನ್ನೆಲ್ಲ ಆ ಮುದುಕನ ಮೇಲೆ ತೀರಿಸಿಕೊಂಡೆ.

"ಯಾರು ಸಾಯ್ಸಿದ್ದು? ನೀವಾ? ಕೆಂಪಸಿದ್ದಯ್ಯನಾ? ಹೊಡೆದು ಸಾಯ್ಸಿ, ಕಂಬಳಿ ಹರಿದು ಗೋಡೆಗೆ ನೇತುಹಾಕಿ, ಓಡಿಹೋದ ಅಂತ ಕತೆ ಕಟ್ಟಿದ್ರಿ. ಆಮೇಲೆ ಭಯಕ್ಕೆ ವರ್ಷ ವರ್ಷ ಎಡೆ! ಏನ್ರೀ, ಎಡೆ ಇಟ್ರೆ ಅವನು ಸುಮ್ನೆ ಆಗ್ತಾನೆ ಅನ್ಕೊಂಡ್ರಾ?"

"ನಾನಲ್ಲ ತಾಯಿ."

"ಮತ್ತೆ?"

"ಬಾಗ್ಲು ತಗ್ದಿದ್ದು ನಾನು. ಕಂಬ್ಳಿ ಅರ್ದಿದ್ದೂ ನಾನೇ. ಮಾದೇಸ್ವರನಾಣೆ, ಸಾಯ್ಸಿದ್ದು ನಾನಲ್ಲ, ಒಳಕ್ ಬಂದೋರು."

"ಬಾಗಿಲು ಯಾರಿಗೆ ತೆಗೆದ್ರಿ?"

ಮುದುಕ ತುಟಿ ಬಿಗಿ ಹಿಡಿದ. ವಿಚಾರಣೆ ಕೋಣೆಯಲ್ಲಿ ಇಂಥ ತುಟಿ ಬೇಕಾದಷ್ಟು ನೋಡಿದ್ದೇನೆ. ಸುಳ್ಳು ಹೇಳುವವನು ಮಾತು ಹೆಚ್ಚು ಮಾಡುತ್ತಾನೆ. ಇವನು ಯಾರಿಗೋ ಕೊಟ್ಟ ಮಾತು ಹಿಡಿದುಕೊಂಡು ಕೂತಿದ್ದ.

"ಸರಿ, ಅದು ಬಿಡಿ," ಅಂದೆ. "ಎಡೆ ಇಟ್ಟಿದ್ದು ನೀವೇ ತಾನೆ?"

"ಅದೂ ನಾನಲ್ಲ. ವರ್ಸ ವರ್ಸ ಅಮಾಸೆ ದಿನ ಅವ್ರೇ ಬಂದು ಇಕ್ಕೋಯ್ತಾರೆ. ನಾನು ಬಾಗ್ಲು ತಗೀತೀನಿ, ಮೂರ್ ದಿನ ಬುಟ್ಟು ಎತ್ಕಂಡೋಗಿ ಕೆರೆಗೆ ಬುಡ್ತೀನಿ. ಅಷ್ಟೇ ನನ್ ಕೆಲ್ಸ. ಈ ಸಲ ನಾನು ಎತ್ತಕ್ ಒಂದಿನ ಮುಂಚೆ ನೀವು ಬಂದ್ರಿ."

"ಅವ್ರು ಅಂದ್ರೆ ಯಾರ್ರೀ?"

ಮರಿಸಿದ್ದಯ್ಯ ಬಹಳ ಹೊತ್ತು ನನ್ನ ಮುಖವನ್ನೇ ನೋಡಿದ. ಹಣೆ, ಮೂಗು, ಗದ್ದ, ಒಂದೊಂದನ್ನೂ ನೋಡಿದ. ಆಮೇಲೆ, ತನಗೇ ಬೇಜಾರಾದವನ ಹಾಗೆ, ಹೇಳಿದ.

"ನಿಮ್ಮನೆ ಕಜ್ಜಾಯ ನಿಮ್ಗೆ ಗುರ್ತಾಗ್ಲಿಲ್ವೇನವ್ವ?"

ಮೊಬೈಲಿನ ಟಾರ್ಚ್ ಹಾಕಿದೆ. ಇರುವೆ ಕೊಡವಿ ಒಂದು ಕಜ್ಜಾಯ ಎತ್ತಿಕೊಂಡೆ. ಈ ಸಲ ದೊಡ್ಡವ್ವ ನನ್ನ ಕೈಗೆ ಹೊಡೆಯಲಿಲ್ಲ.

ನಮ್ಮ ಮನೆಯಲ್ಲೊಂದು ಪದ್ಧತಿ ಇದೆ. ಎಡೆಗೆ ಮುಂಚೆ ಮಕ್ಕಳು ಕೈ ಹಾಕಬಾರದು ಅಂತ ಹಿರಿಯರ ಪಾಲಿನ ಕಜ್ಜಾಯ ತಟ್ಟುವಾಗ ಮೇಲೆ ಮೂರು ಬೆರಳು ಒತ್ತುತ್ತಾರೆ. ಎಣ್ಣೆಯಲ್ಲಿ ಬೆಂದ ಮೇಲೂ ಆ ಗುಳಿ ಉಳಿಯುತ್ತದೆ. ಗುಳಿ ಇರುವುದು ಹಿರಿಯರದು, ಇಲ್ಲದ್ದು ನಮ್ಮದು. ಚಿಕ್ಕಂದಿನಲ್ಲಿ ನಾನು ಕದಿಯುವ ಮುಂಚೆ ಇದನ್ನೇ ನೋಡುತ್ತಿದ್ದೆ.

ಟಾರ್ಚಿನ ಬೆಳಕಲ್ಲಿ ಗುಳಿ ಕಂಡವು. ಅಕ್ಕಪಕ್ಕದ ಎರಡು ಆಳ. ನಡುವಿನದು ಇತ್ತೋ ಇಲ್ಲವೋ ಅನ್ನುವಷ್ಟು.

ದೊಡ್ಡವ್ವನ ಬಲಗೈ ನಡುಬೆರಳಿನ ತುದಿ ಇಲ್ಲ. ಹುಡುಗಿಯಾಗಿದ್ದಾಗ ಆಲೆಮನೆಯಲ್ಲಿ ಕಬ್ಬಿನ ಜೊತೆ ಗಾಣಕ್ಕೆ ಹೋಗಿತ್ತು.

ಒಂದ್ ಜೊತೆ ಜಾಸ್ತಿ ಒತ್ತು ಅತ್ಗೆ. ಬಸ್ಸಿನಲ್ಲಿ ನಕ್ಕಿದ್ದೆವಲ್ಲ! ಪ್ರತಿ ಅಮಾವಾಸ್ಯೆ ಮಧ್ಯಾಹ್ನ, ಎಡೆ ಮುಗಿದ ಮೇಲೆ, ಅಪ್ಪ ಚೀಲ ಹಿಡಿದು ಹೊರಡುತ್ತಿದ್ದ. ಮಳವಳ್ಳಿಯಲ್ಲಿ ಒಬ್ಬ ಹಳೇ ಸ್ನೇಹಿತ ಇದ್ದಾನೆ, ಹಬ್ಬದ ಊಟ ಕೊಟ್ಟು ಬರುತ್ತೇನೆ ಅನ್ನುತ್ತಿದ್ದ. ನನ್ನ ಅಪ್ಪ ಶಿವರಾಮು, ಮೇಷ್ಟ್ರು ಶಿವರಾಮು. ಇಡೀ ಊರು ಎದ್ದು ನಿಂತು ನಮಸ್ಕಾರ ಮಾಡುವ ಮನುಷ್ಯ. ಗಂಡನಿಲ್ಲದ ಅತ್ತಿಗೆಯನ್ನು ಒಂದು ದಿನವೂ ಗದರದೆ ಮನೆಯಲ್ಲಿಟ್ಟುಕೊಂಡವನು. ಇವಳು ಸಂಜೆ ಹೊತ್ತು ರಸ್ತೆ ನೋಡುತ್ತಾ ಜಗುಲಿ ಮೇಲೆ ಕೂರುವುದನ್ನು ಇಷ್ಟು ವರ್ಷ ಪಕ್ಕದಲ್ಲೇ ಕೂತು ನೋಡಿದವನು.

ಪೊಲೀಸ್ ಕೆಲಸಕ್ಕೆ ಸೇರಿದ ಮೇಲೆ ಮೊದಲ ಸಲ ಸಿಕ್ಕ ಸಾಕ್ಷಿಯನ್ನು ಮುಚ್ಚಿಡಬೇಕು ಅನ್ನಿಸಿತು. ಟಾರ್ಚ್ ಆರಿಸಿ, ಫೋನು ಜೇಬಿಗೆ ಹಾಕಿ, ಕಜ್ಜಾಯವನ್ನು ಮುಷ್ಟಿಯಲ್ಲಿ ಹಿಡಿದುಕೊಂಡೆ.

"ಕೊಡಿಲ್ಲಿ," ಅಂದಳು ದೊಡ್ಡವ್ವ.

"ಏನಿಲ್ಲ ದೊಡ್ಡವ್ವ, ಹಳಸಿದೆ."

"ಕೊಡೇ ಇಲ್ಲಿ!"

ಕೊಟ್ಟೆ. ಅವಳು ಕಣ್ಣಿಗೆ ಹತ್ತಿರ ಹಿಡಿದು ನೋಡುವ ಗೋಜಿಗೇ ಹೋಗಲಿಲ್ಲ. ಮಂಕರಿಯನ್ನು ಕೆಳಗಿಟ್ಟು, ಬಲಗೈಯ ಮೂರು ಬೆರಳನ್ನು ಕಜ್ಜಾಯದ ಮೇಲೆ ಇಟ್ಟಳು. ಬೆರಳು ಗುಳಿಯಲ್ಲಿ ಕೂತವು. ಎತ್ತಿ ಮತ್ತೊಮ್ಮೆ ಇಟ್ಟಳು.

ಹೊರಗಿನ ಹುಡುಗಿಯರು ಹೋಗಿದ್ದರು. ಅಂಗಳದಲ್ಲಿ ಯಾರೂ ಇರಲಿಲ್ಲ.

"ಅಂಗಾರೆ ನಾನೇ ಇಕ್ಕಿವ್ನಿ," ಅಂದಳು. ಮತ್ತೆ, "ಇಷ್ಟ್ ವರ್ಸವೂ ಅವರ್ಗೆ ನಾನೇ ಮಾಡಿ ಇಕ್ಕಿವ್ನಿ ಕಣವ್ವ. ನಂಗೇ ಗೊತ್ತಿಲ್ದಂಗೆ ಇಕ್ಕಿವ್ನಿ" ಅಂದಳು. ಆಗ ಅತ್ತಳು. ಬಾಯಿ ತೆರೆದು, ಸದ್ದಿಲ್ಲದೆ, ಮೈಯೆಲ್ಲ ಅಲುಗಿಸಿ ಅತ್ತಳು. ನಾನು ಹಿಡಿದುಕೊಳ್ಳಲು ಹೋದರೆ ಕೈ ಕೊಡವಿದಳು.

ನನ್ನ ಜೇಬಿನಲ್ಲಿ ಫೋನು ಗುಂಯ್‌ಗುಟ್ಟಿತು. ತೆಗೆದು ನೋಡಿದೆ. ಅಪ್ಪ. ಆಗಲೇ ಎಷ್ಟೋ ಸಲ ಮಾಡಿದ್ದಾನೆ, ಟಾರ್ಚ್ ಹಾಕುವಾಗಲೂ ನಾನು ಗಮನಿಸಿರಲಿಲ್ಲ. ಬೆಳಿಗ್ಗೆ ಈ ಜೈಲಿನ ಗೇಟಿನ ಮುಂದೆ ದೊಡ್ಡವ್ವನನ್ನು ನಿಲ್ಲಿಸಿ ತೆಗೆದ ಫೋಟೊವನ್ನು ಮನೆಯವರ ವಾಟ್ಸಾಪ್ ಗ್ರೂಪಿಗೆ ಹಾಕಿದ್ದೆ. ಅದನ್ನು ನೋಡಿರಬೇಕು.

"ನಿಮ್ಮಪ್ಪನಾ?"

"ಊ."

"ಕೊಡು."

ಸೆರಗಲ್ಲಿ ಮುಖ ಒರೆಸಿಕೊಂಡಳು. ಸ್ಪೀಕರ್ ಹಾಕಿ ಅವಳ ಕೈಗೆ ಕೊಟ್ಟೆ. ಮರಿಸಿದ್ದಯ್ಯ ಕೂತಲ್ಲೇ ಗೋಡೆಗೆ ಒರಗಿ ಕಣ್ಣು ಮುಚ್ಚಿಕೊಂಡ.

"ನಾಗೂ, ಎಲ್ಲಿದ್ದೀರವ್ವ? ಅಲ್ಲಿಂದ ಬೇಗ ಒರಟ್ಬುಡಿ, ಬಿಸ್ಲು ಜಾಸ್ತಿ, ಅತ್ಗೆಗೆ..."

"ಸಿವರಾಮು," ಅಂದಳು ದೊಡ್ಡವ್ವ.

ಆ ಕಡೆ ಅಪ್ಪ ಕುರ್ಚಿ ಎಳೆದುಕೊಂಡು ಕೂತ ಸದ್ದಾಯಿತು.

"ಒಂದ್ ಜೊತೆ ಸಾಕಾಯ್ತದೇನಪ್ಪ ನಿಮ್ಮಣ್ಣನ್ಗೆ?"

ನಮ್ಮ ಮನೆಯ ಗೋಡೆ ಗಡಿಯಾರದ ಸದ್ದು ಫೋನಿನಲ್ಲಿ ಕೇಳಿಸುತ್ತಿತ್ತು. ಅಪ್ಪ ಉಸಿರು ಎಳೆದುಕೊಂಡದ್ದೂ ಕೇಳಿಸಿತು. ಫೋನಿಟ್ಟುಬಿಡುತ್ತಾನೆ ಅಂದುಕೊಂಡೆ. ಇಡಲಿಲ್ಲ. ಮತ್ತೆ ಮಾತಾಡಿದಾಗ ಅದು ನನಗೆ ಗೊತ್ತಿದ್ದ ಮೇಷ್ಟ್ರ ದನಿಯಾಗಿರಲಿಲ್ಲ.

"ಅತ್ಗೆ... ಗೂಡಿನ್ ಮುಂದೆ ನಿಂತಿದ್ದೀರಾ?"

"ಊ."

"ಒಂದ್ ಎಜ್ಜೆ ಇಂದಕ್ ಬನ್ನಿ ಅತ್ಗೆ. ಕಾಲಡಿ ಇರೋ ಚಪ್ಪಡಿ ಮ್ಯಾಲೆ ನಿಂತ್ಕಬ್ಯಾಡಿ."

ದೊಡ್ಡವ್ವ ಕೆಳಗೆ ನೋಡಿದಳು. ನಾನೂ ನೋಡಿದೆ. ಆ ಕೋಣೆಯಲ್ಲಿ ಆನೆ ಸವೆಸದ ಕಲ್ಲು ಅದೊಂದೇ.

ಅವಳು ಹಿಂದಕ್ಕೆ ಸರಿದಳು. ಗೋಡೆ ಹಿಡಿದುಕೊಂಡು ನಿಧಾನವಾಗಿ ಕೆಳಗೆ ಕೂತು, ಮೊದಲು ಕೈಲಿದ್ದ ಕಜ್ಜಾಯವನ್ನು ಚಪ್ಪಡಿಯ ಮೇಲೆ ಇಟ್ಟಳು. ಆಮೇಲೆ ಅಂಗೈ ಊರಿದಳು. ಬಳೆಗಳು ಕಲ್ಲಿಗೆ ತಗುಲಿ ಸದ್ದಾದವು.

ಫೋನನ್ನು ನನ್ನ ಕಡೆ ಚಾಚಿದಳು. ಮುಖ ಎತ್ತಲಿಲ್ಲ.

"ತಗೊ. ನಾನು ಕೇಳ್ಬೇಕಾಗಿದ್ದು ಮುಗೀತು. ನೀನು ಪೋಲೀಸು. ಇನ್ ನೀನ್ ಕೇಳು."

ಕಿವಿಗೆ ಇಟ್ಟುಕೊಂಡೆ. ಅಪ್ಪ ಇನ್ನೂ ಲೈನಿನಲ್ಲಿದ್ದ, 'ನಾಗೂ' ಅಂತ ಎರಡು ಸಲ ಕರೆದ. ಇಂಥ ಹೊತ್ತಿನಲ್ಲಿ ಮೊದಲು ಕೇಳಬೇಕಾದ ಪ್ರಶ್ನೆ ಯಾವುದು ಅಂತ ನನಗೆ ಚೆನ್ನಾಗಿ ಗೊತ್ತು. ಎಷ್ಟೋ ಜನರಿಗೆ ಕೇಳಿದ್ದೇನೆ.

"ಅಪ್ಪಾ," ಅಂದೆ. "ಆ ರಾತ್ರಿ ಮರಿಸಿದ್ದಯ್ಯ ಬಾಗಿಲು ತೆಗೆದಿದ್ದು ನಿನಗಾ?"

"ಊ," ಅಂದ ಅಪ್ಪ.